ಸುರೇಬಾನದ ಗೌಂಡಿಗೆ ನಾವು ಕೊಟ್ಟ ಕುರ್ಚಿ

ಬೈಲಹೊಂಗಲದಿಂದ ಸವದತ್ತಿ ಕಡೆ ಹೊರಟರೆ, ಊರು ಮುಗಿದು ಸ್ವಲ್ಪ ದೂರಕ್ಕೆ ನಮ್ಮ ಬೀಜದ ಕಂಪನಿ ಸಿಗುತ್ತದೆ. ಗೋವಿನಜೋಳ, ಹತ್ತಿ, ಸೂರ್ಯಕಾಂತಿ ಬೀಜಗಳನ್ನು ಒಣಗಿಸಿ, ಸೋಸಿ, ಪಾಕೀಟಿಗೆ ತುಂಬುವ ಜಾಗ. ನಾನು ಅಲ್ಲಿ ಸಿಬ್ಬಂದಿ ವಿಭಾಗದಲ್ಲಿದ್ದೇನೆ. ಹಾಜರಿ ನೋಡುವುದು, ರಜೆ ಬರೆದುಕೊಳ್ಳುವುದು, ಯಂತ್ರಕ್ಕೆ ಯಾರದಾದರೂ ಬೆರಳು ಸಿಕ್ಕರೆ ಅವರನ್ನು ಆಸ್ಪತ್ರೆಗೆ ಕಳಿಸುವುದು, ಬಹಳ ವರ್ಷ ನನ್ನ ಲೋಕ ಇಷ್ಟೇ ಆಗಿತ್ತು.

ಒಂದು ದಿನ ಮ್ಯಾನೇಜರ್ ಸಾಹೇಬರು ಒಳಗೆ ಕರೆದರು.

"ಬಾಯಾರ, ಹೆಡ್ ಆಫೀಸಿನಿಂದ ಪತ್ರ ಬಂದೈತಿ. ಈ ಭಾಗದಾಗ ಬಡವರಿಗೆ, ಅಂಗವಿಕಲರಿಗೆ ಕೆಲಸ ಮಾಡೋ ಸಂಸ್ಥೆಗೋಳಿಗೆ ನಮ್ಮ ಕಂಪನಿ ಆಸರಾ ಆಗಬೇಕಂತ. ನಿಮಗ ಮಂದಿ ಜೋಡಿ ಮಾತಾಡಾಕ ಬರ್ತೈತಿ. ನೀವ ನೋಡ್ಕೊಳ್ರಿ."

ನಾನು ಹೂಂ ಅಂದೆ. ವಾರಕ್ಕೊಂದು ದಿನ ಆಫೀಸಿನಿಂದ ಹೊರಗೆ ಹೋಗಬಹುದಲ್ಲ ಎಂಬ ಖುಷಿಯೂ ಇತ್ತು, ಸುಳ್ಳು ಹೇಳಲಾರೆ. ಕಿತ್ತೂರಿನ ಹತ್ತಿರ ಕಿವುಡ ಮಕ್ಕಳ ಶಾಲೆಯೊಂದಿತ್ತು. ನಮ್ಮೂರಿನಲ್ಲೇ, ಯಾರೂ ದಿಕ್ಕಿಲ್ಲದ ಮುದುಕರಿಗೆ ಮಧ್ಯಾಹ್ನ ಊಟ ಕೊಡುವ ಒಂದು ಮನೆ ಇತ್ತು. ಈ ಎರಡೂ ಕಡೆಯ ಕೆಲಸ ಸುಲಭ. ಅವರು ಬೇಕಾದ್ದರ ಪಟ್ಟಿ ಕೊಡುತ್ತಿದ್ದರು, ನಾವು ತರಿಸಿಕೊಡುತ್ತಿದ್ದೆವು, ಮಕ್ಕಳೋ ಮುದುಕರೋ ನಗುವ ಫೋಟೋ ತೆಗೆದು ನಾನು ಹೆಡ್ ಆಫೀಸಿಗೆ ಕಳಿಸುತ್ತಿದ್ದೆ. ಮೂರನೆಯದು ಸವದತ್ತಿಯ ಸಂಸ್ಥೆ. ನಾನು ಬರೆಯಬೇಕೆಂದು ಕುಳಿತದ್ದು ಅದರ ಬಗ್ಗೆ.

ಸಂಸ್ಥೆ ಎಂದರೆ ದೊಡ್ಡದೇನಲ್ಲ. ಪ್ಯಾಟಿಯ ಹಿಂದೆ ಬಾಡಿಗೆಗೆ ಹಿಡಿದ ಎರಡು ಕೋಣೆ, ಒಂದು ಹಳೆಯ ವ್ಯಾನು, ಮತ್ತು ನರ್ಸ್ ಕೆಲಸದಿಂದ ನಿವೃತ್ತರಾದ ಒಬ್ಬ ಹೆಂಗಸು. ಎಲ್ಲರೂ ಅವರನ್ನು ಅಕ್ಕಾರು ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆದೆ. ಬೆನ್ನುಹುರಿ ಮುರಿದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡವರ ಮನೆಮನೆಗೆ ಹೋಗುವುದು ಅವರ ಕೆಲಸ. ಬಾವಿಗೆ ಬಿದ್ದವರು, ಹುಣಸೆಮರದಿಂದ ಬಿದ್ದವರು, ಟ್ರ್ಯಾಕ್ಟರಿನ ಕೆಳಗೆ ಸಿಕ್ಕವರು. ಆಸ್ಪತ್ರೆಯಲ್ಲಿ ಮಾಡುವಷ್ಟು ಮಾಡಿ ಮನೆಗೆ ಕಳಿಸಿದ ಮೇಲೆ ಇಂಥವರು ಎಲ್ಲಿ ಹೋದರು, ಹೇಗಿದ್ದಾರೆ ಎಂದು ಕೇಳುವವರು ಯಾರೂ ಇರುವುದಿಲ್ಲ. ಅಕ್ಕಾರು ಕೇಳುತ್ತಿದ್ದರು.

ನಾನು ಅವರ ಜೊತೆ ಮೊದಲ ಸಲ ಹೋದ ಊರು ಸುರೇಬಾನ. ರಾಮದುರ್ಗ ದಾಟಿ ಹೋಗಬೇಕು. ವ್ಯಾನಿನಿಂದ ಇಳಿಯುವ ಮುಂಚೆ ಅಕ್ಕಾರು ಒಂದೇ ಮಾತು ಹೇಳಿದರು: "ಅಯ್ಯೋ ಪಾಪ ಅನ್ನಬ್ಯಾಡ್ರಿ. ಅವರಿಗೆ ಅದು ಸೇರಾಂಗಿಲ್ಲ."

ಎರಡು ಕೋಣೆಯ ನೀಲಿ ಬಣ್ಣದ ಮನೆ. ಬಾಗಿಲಿಗೆ ಎದುರಾಗಿ ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಕಬ್ಬಿಣದ ಮಂಚ. ಮಂಚದ ಮೇಲೆ ಮಲಗಿದ್ದವರಿಗೆ ಮೂವತ್ತೈದರ ಆಸುಪಾಸು ವಯಸ್ಸು. ಗೌಂಡಿ ಕೆಲಸ, ಅಂದರೆ ಗಾರೆ ಕೆಲಸ, ಮಾಡುತ್ತಿದ್ದವರು. ಕಿತ್ತೂರಿನಲ್ಲಿ ಒಂದು ದೊಡ್ಡ ಕಟ್ಟಡದ ಹೊರಗೋಡೆಗೆ ಸಿಮೆಂಟ್ ಬಳಿದು ಗಿಲಾವ್ ಮಾಡುತ್ತಿದ್ದಾಗ, ನಿಂತಿದ್ದ ಹಲಗೆ ಸರಿದು ಮೂರನೇ ಅಂತಸ್ತಿನಿಂದ ಬಿದ್ದಿದ್ದರು. ಕೆಳಗಿದ್ದ ಉಸುಕಿನ ರಾಶಿ ಜೀವ ಉಳಿಸಿತ್ತು. ನಾನು ಹೋಗುವ ಹೊತ್ತಿಗೆ ಆಗಲೇ ಎರಡು ವರ್ಷವಾಗಿತ್ತು.

"ಬರ್ರಿ ಬಾಯಾರ, ಕುಂದರ್ರಿ," ಎಂದರು. "ಕಂಪನಿಯಾರು ಬರ್ತಾರಂತ ಅಕ್ಕಾರು ಹೇಳಿದ್ರು. ಈ ಮನಿ ನಾನ ಕಟ್ಟಿದ್ದು. ಆ ಗ್ವಾಡಿ ನೋಡ್ರಿ, ಆ ಮೂಲ್ಯಾಗ. ಒಂದ ಬೆರಳ ದಪ್ಪ ಸೊಟ್ಟ ಆಗೇತಿ. ಹನ್ನೆರಡ ವರ್ಷ ಈ ಮನ್ಯಾಗ ಇದ್ನಿ, ಮಲಕೊಂಡ ಮ್ಯಾಲ ಕಣ್ಣಿಗೆ ಬಿತ್ತು. ಈಗ ದಿನಾ ಅದನ್ನ ನೋಡೋದ ನನ್ನ ಕೆಲಸ."

ಹೇಳಿ ತಾವೇ ನಕ್ಕರು. ನನಗೆ ನಗಬೇಕೋ ಬೇಡವೋ ತಿಳಿಯಲಿಲ್ಲ.

ಅವರ ಹೆಂಡತಿ ಆಗಷ್ಟೇ ಕಳೆ ತೆಗೆಯುವ ಕೂಲಿಯಿಂದ ಬಂದಿದ್ದಳು. ಕೈ ತೊಳೆದುಕೊಂಡು ಬಂದವಳೇ ಅಕ್ಕಾರ ಜೊತೆ ಸೇರಿ ಗಂಡನನ್ನು ಮಗ್ಗುಲಿಗೆ ಹೊರಳಿಸಿದಳು. ನಾನು ಹೊರಗೆ ಹೋಗಲು ಎದ್ದೆ. ಅಕ್ಕಾರು ತಡೆದರು. "ನೋಡ್ರಿ. ಕಂಪನಿ ಆಸರಾ ಆಗೋದಂದ್ರ ಏನಕ್ಕ ಆಗಬೇಕು ಅನ್ನೋದು ನಿಮಗ ಗೊತ್ತಿರ್ಲಿ." ಗೌಂಡಿಯೂ, "ನೋಡ್ರಿ ಬಾಯಾರ, ಅಕ್ಕಾರ ಮುಂದ ನನಗ ನಾಚಿಕಿ ಹೋಗಿ ಭಾಳ ದಿನಾ ಆತು," ಎಂದರು.

ಬೆನ್ನಿನ ಬುಡದಲ್ಲಿ ಒಂದು ಹುಣ್ಣು ಆರಿದ ಗುರುತಿತ್ತು. ಅಂಗೈಯಷ್ಟು ಅಗಲದ, ತೆಳ್ಳಗೆ ಹೊಳೆಯುವ ಚರ್ಮ. ಅದು ಮುಚ್ಚಿಕೊಳ್ಳಲು ಎಂಟು ತಿಂಗಳು ಹಿಡಿದಿತ್ತಂತೆ. ಅಂದು ಅಕ್ಕಾರು ನನಗೆ ಹೇಳಿಕೊಟ್ಟದ್ದನ್ನು ಇವತ್ತಿಗೂ ನಾನು ಹೊಸಬರಿಗೆ ಹೇಳುತ್ತೇನೆ. ನಮಗೆ ಒಂದೇ ಕಡೆ ಕೂತರೆ ನೋವಾಗುತ್ತದೆ, ಗೊತ್ತಿಲ್ಲದೆಯೇ ಸರಿದು ಕೂರುತ್ತೇವೆ. ಇವರಿಗೆ ಆ ನೋವೇ ತಿಳಿಯುವುದಿಲ್ಲ. ಮೂಳೆಗೂ ಕುರ್ಚಿಗೂ ನಡುವೆ ಸಿಕ್ಕ ಮಾಂಸಕ್ಕೆ ರಕ್ತ ಹರಿಯದೆ ಅದು ಒಳಗೊಳಗೇ ಸಾಯುತ್ತದೆ. ಹೊರಗೆ ಕಾಣುವ ಹೊತ್ತಿಗೆ ಒಳಗೆ ಕೆಟ್ಟು ಹೋಗಿರುತ್ತದೆ. ಅದಕ್ಕೇ ಕೂತಾಗ ಕಾಲು ತಾಸಿಗೊಮ್ಮೆ ಕೈ ಊರಿ ಮೈಯನ್ನು ಮೇಲೆತ್ತಬೇಕು, ಮಲಗಿದಾಗ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು. ಗೌಂಡಿಯ ಹೆಂಡತಿ ಮೊಬೈಲಿನಲ್ಲಿ ಗಂಟೆ ಇಟ್ಟುಕೊಂಡಿದ್ದಳು. ಹೊಲಕ್ಕೆ ಹೋಗುವಾಗ ಅದನ್ನು ಗಂಡನ ತಲೆದಿಂಬಿನ ಬಳಿ ಇಟ್ಟು ಹೋಗುತ್ತಿದ್ದಳು. ಅದು ಹೊಡೆದಾಗಲೆಲ್ಲ ಅವರು ಮಂಚದ ಸರಳು ಹಿಡಿದು ತಾವೇ ಹೊರಳಿಕೊಳ್ಳುತ್ತಿದ್ದರು.

ಅಂದು ಅವಳು ರೊಟ್ಟಿ, ಹಿಂಡಿ, ಪುಂಡಿಪಲ್ಲೆ ಹಾಕಿ ಕೊಟ್ಟಳು. ಉಂಡು ಎದ್ದೆವು. ವ್ಯಾನಿನಲ್ಲಿ ಕುಳಿತ ಮೇಲೆ ನನಗೆ ಅಳು ಬಂತು. ಅಕ್ಕಾರು ಕಿಟಕಿಯ ಆಚೆ ನೋಡುತ್ತಾ ಕುಳಿತರು.

ಮೊದಲ ವರ್ಷ ಕಂಪನಿ ಗಾಳಿ ತುಂಬುವ ಹಾಸಿಗೆಗಳನ್ನು ಕೊಟ್ಟಿತು, ಗಾಯಕ್ಕೆ ಕಟ್ಟುವ ಬಟ್ಟೆ, ಮೂತ್ರದ ಚೀಲಗಳನ್ನು ಕೊಟ್ಟಿತು. ವ್ಯಾನನ್ನು ರಿಪೇರಿ ಮಾಡಿಸಿತು. ಅದು ನಿಜವಾಗಿ ಒಳ್ಳೆಯ ಕೆಲಸ. ಆ ವರ್ಷ ಅಕ್ಕಾರು ನೋಡುತ್ತಿದ್ದವರಲ್ಲಿ ಹೊಸ ಹುಣ್ಣು ಎದ್ದವರು ಬಹಳ ಕಡಿಮೆ. ನಾನು ತಿಂಗಳಿಗೆರಡು ಸಲ ಸುರೇಬಾನಕ್ಕೆ ಹೋಗುತ್ತಿದ್ದೆ. ಹೋದಾಗಲೆಲ್ಲ ಗೌಂಡಿ ನಮ್ಮ ಕಂಪನಿಯ ಹೊಸ ಗೋದಾಮಿನ ಬಗ್ಗೆ ಕೇಳುತ್ತಿದ್ದರು. ಪಾಯ ಎಷ್ಟು ತೋಡಿದ್ದಾರೆ, ಇಟ್ಟಂಗಿ ಯಾವುದು, ನೀರು ಎಷ್ಟು ದಿನ ಹೊಡೆದರು. ನನಗೆ ಒಂದೂ ಗೊತ್ತಿರುತ್ತಿರಲಿಲ್ಲ. ಮುಂದಿನ ಸಲ ಹೋಗುವ ಮುಂಚೆ ಗೋದಾಮಿಗೆ ಹೋಗಿ ಕೇಳಿ ತಿಳಿದುಕೊಂಡು ಹೋಗುತ್ತಿದ್ದೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿ, "ಕಾಂಕ್ರೀಟಿಗೆ ಇನ್ನೊಂದ ವಾರ ನೀರ ಹೊಡಿಬೇಕಿತ್ತ್ರಿ. ಹೋಗಿ ಹೇಳ್ರಿ ಅವರಿಗೆ," ಎನ್ನುತ್ತಿದ್ದರು. ನಾನು ಹೇಳಿದೆ ಕೂಡ. ಇಂಜಿನಿಯರ್ ನನ್ನನ್ನು ವಿಚಿತ್ರವಾಗಿ ನೋಡಿದ.

ಎರಡನೇ ವರ್ಷ ಗಾಲಿಕುರ್ಚಿಗಳನ್ನು ಕೊಡುವುದೆಂದು ತೀರ್ಮಾನವಾಯಿತು. ಕುರ್ಚಿಯ ಮೇಲೆ ಹಾಕುವ ಗಾಳಿಯ ದಿಂಬು ಕುರ್ಚಿಯಷ್ಟೇ ಮುಖ್ಯ ಎಂದು ಅಕ್ಕಾರು ಮೊದಲೇ ಬರೆದುಕೊಟ್ಟಿದ್ದರು. ನಾವು ಅದನ್ನೂ ತರಿಸಲು ಹೇಳಿದ್ದೆವು, ಆದರೆ ಬೇರೆ ಕಡೆಯಿಂದ. ಕುರ್ಚಿಗಳು ಬಂದವು, ದಿಂಬುಗಳು ಬರಲಿಲ್ಲ. ಅಷ್ಟರಲ್ಲಿ ಹೆಡ್ ಆಫೀಸಿನವರು ದಿನ ಗೊತ್ತು ಮಾಡಿದರು. ದೊಡ್ಡ ಸಾಹೇಬರೇ ಬರುವವರಿದ್ದಾರೆ, ರಾಮದುರ್ಗದಲ್ಲಿ ಒಂದು ಸಣ್ಣ ಕಾರ್ಯಕ್ರಮ ಮಾಡಿ ಕುರ್ಚಿಗಳನ್ನು ಅವರ ಕೈಯಿಂದ ಕೊಡಿಸಬೇಕು, ಫೋಟೋಗಳು ಚೆನ್ನಾಗಿ ಬರಬೇಕು.

ಅಕ್ಕಾರು ಒಪ್ಪಲಿಲ್ಲ.

"ಮನಿಮನಿಗೆ ಒಯ್ದ ಕೊಟ್ಟ ಬರೂನು. ಯಾಕ ಅವರನ್ನ ಮೆರವಣಿಗಿ ಮಾಡಬೇಕು? ಅದರಾಗ ದಿಂಬ ಬಂದಿಲ್ಲ. ದಿಂಬ ಬರೂತನಾ ಯಾರನ್ನೂ ಆ ಕುರ್ಚಿ ಮ್ಯಾಲ ಕೂಡಿಸಬ್ಯಾಡ್ರಿ."

"ಎರಡ ತಾಸಿನ ಮಾತ ಅಕ್ಕಾರ. ಸಾಹೇಬ್ರ ಬಂದ ಒಮ್ಮೆ ಕಣ್ಣಿಲೆ ನೋಡಿದ್ರ ಮುಂದಿನ ವರ್ಷ ನಿಮಗ ಹೊಸಾ ವ್ಯಾನ್ ಸಿಗತೈತಿ," ಎಂದೆ. ಅದನ್ನು ನಾನು ಮನಸ್ಸಿನಿಂದಲೇ ಹೇಳಿದ್ದೆ. ಅವರ ವ್ಯಾನು ತೊರಗಲ್ ಏರಿನಲ್ಲಿ ಎಷ್ಟು ಸಲ ಕೈ ಕೊಟ್ಟಿತ್ತು ಎಂಬುದು ನನಗೆ ಗೊತ್ತಿತ್ತು. ಆದರೆ ಸಾಹೇಬರ ಮುಂದೆ ನನ್ನ ಕೆಲಸವೂ ಕಾಣಲಿ ಎಂಬ ಆಸೆ ಅದರೊಳಗೆ ಸೇರಿತ್ತು. ಎರಡನ್ನೂ ಬೇರೆ ಬೇರೆ ಮಾಡಿ ನೋಡುವಷ್ಟು ಪ್ರಾಮಾಣಿಕತೆ ಆಗ ನನಗಿರಲಿಲ್ಲ.

ಕೊನೆಗೆ ಅಕ್ಕಾರು ಒಂದು ಷರತ್ತು ಹಾಕಿ ಒಪ್ಪಿದರು. ಸಭೆ ನಡೆಯುವ ಜಾಗದಲ್ಲಿ ಪಕ್ಕಕ್ಕೊಂದು ಕೋಣೆ ಇರಬೇಕು, ಅಲ್ಲಿ ಹಾಸಿಗೆ ಹಾಸಿರಬೇಕು, ಒಂದು ತಾಸಿಗಿಂತ ಹೆಚ್ಚು ಹೊತ್ತು ಯಾರೂ ಕೂರಬಾರದು. ನಾನು ಮಾತು ಕೊಟ್ಟೆ.

ಗೌಂಡಿಯನ್ನು ಕರೆಯಲು ನಾನೇ ಸುರೇಬಾನಕ್ಕೆ ಹೋದೆ. ಅವರು ಕೂಡಲೇ ಹೂಂ ಅನ್ನಲಿಲ್ಲ. ಹೆಂಡತಿಯ ಮುಖ ನೋಡಿದರು. ಆಕೆ, "ಬ್ಯಾಡ ಬಿಡ್ರಿ. ಕುರ್ಚಿ ಮನಿಗೇ ಬರ್ತೈತಲ್ಲ," ಎಂದಳು.

"ನೀವ ಬಂದ್ರ ಉಳಿದವರಿಗೂ ಧೈರ್ಯ ಬರ್ತೈತಿ ಗೌಂಡ್ಯಾರ," ಎಂದೆ.

ಅವರು ಕೇಳಿದರು: "ರಾಮದುರ್ಗ ಪ್ಯಾಟಿ ಒಳಗಿಂದ ಹಾದ ಹೋಗ್ತೈತೇನ್ರಿ ಗಾಡಿ?"

"ಹೋಗ್ತೈತ್ರಿ."

"ಹಂಗಾದ್ರ ಬರ್ತೇನಿ. ಮೂರ ವರ್ಷ ಆತು ಮಂದಿ ನೋಡಿ."

ಕಾರ್ಯಕ್ರಮದ ದಿನ ಬೆಳಿಗ್ಗೆ ಹತ್ತಕ್ಕೆ ಎಲ್ಲರೂ ಬಂದು ಮುಟ್ಟಿದರು. ಒಂಬತ್ತು ಮಂದಿ. ಗೌಂಡಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದರು. ಹೆಂಡತಿ ಗಡ್ಡ ಹೆರೆದು, ತಲೆಗೆ ಎಣ್ಣೆ ಹಚ್ಚಿ ಬಾಚಿದ್ದಳು. ಪ್ಯಾಟಿಯಲ್ಲಿ ಹಳೆಯ ಗೆಳೆಯನೊಬ್ಬ ವ್ಯಾನು ನಿಲ್ಲಿಸಿ ಚಹಾ ಕುಡಿಸಿದ್ದನಂತೆ. ಅದನ್ನು ಎರಡು ಸಲ ಹೇಳಿದರು. ಅವರ ಮುಖ ಅಷ್ಟು ಅರಳಿದ್ದನ್ನು ನಾನು ಮುಂಚೆ ಕಂಡಿರಲಿಲ್ಲ.

ಪಕ್ಕದ ಕೋಣೆಯಲ್ಲಿ ಹಿಂದಿನ ಸಂಜೆ ನಾನೇ ನಿಂತು ಹಾಸಿಗೆ ಹಾಸಿಸಿದ್ದೆ. ಬೆಳಿಗ್ಗೆ ನೋಡಿದರೆ ಅಡುಗೆಯವರು ಹಾಸಿಗೆಗಳನ್ನು ಸುತ್ತಿ ಮೂಲೆಗಿಟ್ಟು, ಅನ್ನದ ಪಾತ್ರೆ, ಸಾರಿನ ಕೊಳಗ ಎಲ್ಲ ತಂದು ಅಲ್ಲಿ ಇಳಿಸಿದ್ದರು. ತೆಗೆಸಬೇಕು ಅಂದುಕೊಂಡೆ. ಅಷ್ಟರಲ್ಲಿ ಹೂಮಾಲೆಯವನು ಕರೆದ, ಮೈಕಿನವನು ಕರೆದ, ಫೋನು ಬಂತು. ಆಮೇಲೆ ಮಾಡಿಸಿದರಾಯಿತು ಎಂದು ಆ ಬಾಗಿಲು ಎಳೆದುಕೊಂಡು ಬಂದೆ.

ಫೋಟೋದವನು ಎಲ್ಲರನ್ನೂ ಹೊಸ ಕುರ್ಚಿಗಳಲ್ಲಿ ಸಾಲಾಗಿ ಕೂಡಿಸಬೇಕೆಂದ. ಕುರ್ಚಿಗಳಿಗೆ ಸುತ್ತಿದ್ದ ಪ್ಲಾಸ್ಟಿಕ್ ಹಾಳೆಯನ್ನು ಸಾಹೇಬರು ಬರುವ ತನಕ ತೆಗೆಯುವುದು ಬೇಡ ಎಂದೂ ಹೇಳಿದ. ಹೊಸದು ಎಂದು ಕಾಣಬೇಕಲ್ಲ. ನಾನು ಹೌದೆಂದೆ. ದಿಂಬಿಲ್ಲದ ಗಟ್ಟಿ ಕುರ್ಚಿಗಳ ಮೇಲೆ, ಪ್ಲಾಸ್ಟಿಕ್ಕಿನ ಮೇಲೆ, ಅವರೆಲ್ಲ ಕುಳಿತರು.

ಹನ್ನೊಂದಾಯಿತು, ಹನ್ನೆರಡಾಯಿತು. ಕಬ್ಬಿನ ಟ್ರ್ಯಾಕ್ಟರುಗಳು ಒಂದಕ್ಕೊಂದು ಸಿಕ್ಕಿಕೊಂಡು ರಸ್ತೆ ಬಂದಾಗಿದೆ, ಸಾಹೇಬರ ಕಾರು ಯರಗಟ್ಟಿ ಹತ್ತಿರ ನಿಂತಿದೆ ಎಂದು ಫೋನು ಬಂತು. ಗೌಂಡಿ ಕಾಲು ತಾಸಿಗೊಮ್ಮೆ, "ಏಳ್ರಪಾ ಎಲ್ಲಾರೂ!" ಎಂದು ಜೋರಾಗಿ ಕೂಗುತ್ತಿದ್ದರು. ಒಂಬತ್ತೂ ಮಂದಿ ಕೈ ಊರಿ ಮೈ ಎತ್ತುತ್ತಿದ್ದರು. ಸಭೆಗೆಂದು ಕರೆತಂದು ಎದುರು ಕೂಡಿಸಿದ್ದ ಶಾಲೆಯ ಮಕ್ಕಳು ಅದನ್ನೊಂದು ಆಟವೆಂದು ಚಪ್ಪಾಳೆ ತಟ್ಟಿದರು. ಅಕ್ಕಾರು ನನ್ನನ್ನು ಹುಡುಕಿಕೊಂಡು ಬಂದು ಎರಡು ಸಲ ಕೇಳಿದರು: ಕೋಣೆ ಎಲ್ಲಿ? ಎರಡು ಸಲವೂ, ಈಗ ಖಾಲಿ ಮಾಡಿಸುತ್ತೇನೆ ಎಂದೆ. ಅಷ್ಟರಲ್ಲಿ ಸಾಲಿನ ಆ ತುದಿಯಲ್ಲಿದ್ದ ಮುದುಕರ ಮೂತ್ರದ ಚೀಲ ಸೋರಿತು. ಅಕ್ಕಾರು ಅವರನ್ನು ಕರೆದುಕೊಂಡು ಹಿಂದಕ್ಕೆ ಹೋದರು.

ಆಗ ಗೌಂಡಿ ನನ್ನನ್ನು ಕೈಸನ್ನೆ ಮಾಡಿ ಕರೆದರು. ಹತ್ತಿರ ಹೋಗಿ ಬಗ್ಗಿದೆ. ಹಣೆಯ ಮೇಲೆ ಬೆವರಿತ್ತು.

"ಬಾಯಾರ, ನಾ ಒಂಚೂರ ಮಲಗಲೇನ್ರಿ?"

ಅದೇ ಹೊತ್ತಿಗೆ ಸಾಹೇಬರ ಕಾರು ಪ್ಯಾಟಿ ದಾಟಿತು ಎಂದು ಯಾರೋ ಓಡಿ ಬಂದು ಹೇಳಿದರು.

"ಇನ್ನ ಹತ್ತ ನಿಮಿಷ ಗೌಂಡ್ಯಾರ. ಬಂದೇ ಬಿಟ್ರು," ಎಂದೆ.

ಅವರು, "ಆತ್ರಿ," ಎಂದರು. ಅಷ್ಟೇ. ಆಮೇಲೆ ಏನೂ ಕೇಳಲಿಲ್ಲ.

ಸಾಹೇಬರು ಬಂದರು. ಕೆಟ್ಟ ಮನುಷ್ಯರಲ್ಲ ಅವರು. ತಡವಾದದ್ದಕ್ಕೆ ಪ್ರತಿಯೊಬ್ಬರ ಕೈ ಹಿಡಿದು ಕ್ಷಮೆ ಕೇಳಿದರು. ಆದರೆ ದೀಪ ಹಚ್ಚಬೇಕಿತ್ತು, ಸ್ವಾಗತ ಆಗಬೇಕಿತ್ತು, ಮೂವರು ಮಾತಾಡಬೇಕಿತ್ತು. ದೊಡ್ಡವರು ಮಾತಾಡುವಾಗ ಮೈ ಎತ್ತಿ ಕೂರುವುದು ಅಗೌರವ ಎಂದುಕೊಂಡು ಉಳಿದ ಎಂಟೂ ಮಂದಿ ಅಲುಗಾಡದೆ ಕುಳಿತಿದ್ದರು. ಗೌಂಡಿಯೂ "ಏಳ್ರಪಾ" ಅನ್ನಲಿಲ್ಲ. ಕೊನೆಗೆ ಫೋಟೋಗಳು. ಅಕ್ಕಾರು ಹಿಂದಿನಿಂದ ಬಂದು ಮೈಕಿನ ಮುಂದೆಯೇ, "ಸಾಕ್ ಮಾಡ್ರಿ! ಇವರನ್ನ ಮಲಗಿಸ್ರಿ!" ಎಂದು ಕೂಗಿದಾಗ ಮಧ್ಯಾಹ್ನ ಎರಡು ದಾಟಿತ್ತು. ಮ್ಯಾನೇಜರ್ ಸಾಹೇಬರು ನನ್ನ ಕಡೆ ನೋಡಿದರು. ನನಗೆ ಆ ಕ್ಷಣ ಅಕ್ಕಾರ ಮೇಲೆ ಸಿಟ್ಟು ಬಂತು. ಇದನ್ನು ಬರೆಯಲು ಕೈ ಹಿಂಜರಿಯುತ್ತದೆ, ಆದರೆ ಬಂದದ್ದು ಸಿಟ್ಟೇ.

ಮೂರನೇ ದಿನ ಅಕ್ಕಾರ ಫೋನು ಬಂತು. ಗೌಂಡಿಯ ಹಳೆಯ ಹುಣ್ಣಿನ ಜಾಗ ಕಪ್ಪಾಗಿದೆ.

ನಾನು ಹೋದಾಗ ಅವರನ್ನು ಬೋರಲು ಮಲಗಿಸಿದ್ದರು. ಮುಂದಿನ ಐದು ತಿಂಗಳು ಅವರು ಹಾಗೆಯೇ ಮಲಗಿದ್ದರು. ಕಪ್ಪಾದ ಚರ್ಮ ಕಳಚಿ ಒಳಗೆ ಆಳವಾದ ಗುಳಿ ಬಿತ್ತು. ಅಕ್ಕಾರು ದಿನ ಬಿಟ್ಟು ದಿನ ಸವದತ್ತಿಯಿಂದ ಬಂದು ತೊಳೆದು ಬಟ್ಟೆ ತುಂಬುತ್ತಿದ್ದರು. ಉಳಿದ ದಿನ ಆ ಕೆಲಸ ಹೆಂಡತಿಯದು. ಆಕೆ ಕೂಲಿ ಬಿಟ್ಟಳು. ನಾನು ಪ್ರತಿ ಶನಿವಾರ ಹೋಗುತ್ತಿದ್ದೆ. ಬೇಕಾದ ಔಷಧ, ಬಟ್ಟೆ, ಮೊಟ್ಟೆ, ಹಾಲಿನ ಪುಡಿ ಎಲ್ಲ ಕಂಪನಿಯಿಂದ ತರುತ್ತಿದ್ದೆ. ದಿಂಬುಗಳೂ ಅಷ್ಟರಲ್ಲಿ ಬಂದಿದ್ದವು.

ಅವರ ಹೆಂಡತಿ ನನ್ನ ಜೊತೆ ಮಾತು ನಿಲ್ಲಿಸಿದ್ದಳು. ಚಹಾ ಕೊಡುತ್ತಿದ್ದಳು, ಚೀಲ ತೆಗೆದುಕೊಳ್ಳುತ್ತಿದ್ದಳು, ಒಳಗೆ ಹೋಗಿಬಿಡುತ್ತಿದ್ದಳು. ಒಂದು ಶನಿವಾರ ಮಾತ್ರ ಬಾಗಿಲ ಬಳಿ ನಿಂತು ಕೇಳಿದಳು:

"ಫೋಟೋ ಚಲೋ ಬಂದಾವೇನ್ರಿ ಬಾಯಾರ?"

ಕೇಳಿದವಳೇ ಚೀಲ ತೆಗೆದುಕೊಂಡು ಒಳಗೆ ಹೋದಳು.

ಗೌಂಡಿಗೆ ಇದು ಕೇಳಿಸಿತ್ತು. ಅವರು ದಿಂಬಿನ ಮೇಲೆ ಗಲ್ಲ ಊರಿ ನನ್ನ ಕಡೆ ನೋಡಲು ಪ್ರಯತ್ನಿಸಿದರು. ಬೋರಲು ಮಲಗಿದವರಿಗೆ ಎದುರು ಕೂತವರ ಕಾಲಷ್ಟೇ ಕಾಣುತ್ತದೆ. ನಾನು ಕುರ್ಚಿ ಬಿಟ್ಟು ನೆಲಕ್ಕೆ ಕುಳಿತೆ.

"ಗೌಂಡ್ಯಾರ, ತಪ್ಪ ನಂದು. ಅವತ್ತ ನೀವ ಮಲಗತೇನಿ ಅಂದಾಗ..."

"ನನಗೂ ಗೊತ್ತಿತ್ತ್ರಿ ಬಾಯಾರ," ಎಂದರು. "ನಿಮಗಿಂತ ನನಗ ಹೆಚ್ಚ ಗೊತ್ತಿತ್ತು. ಜೋರ ಮಾಡಿ ಹೇಳಬೇಕಿತ್ತು. ಆದ್ರ ಕೊಡೋರ ಮುಂದ ಜೋರ ಮಾಡಾಕ ಬಾಯಿ ಬರೂದಿಲ್ರಿ."

ಮತ್ತೆ ಅಂದರು: "ನಿಮ್ಮ ತಪ್ಪಿಲ್ಲ ಅಂತ ನಾ ಅನ್ನಾಂಗಿಲ್ಲ. ಅಂದ್ರ ಆಕಿಗೆ ಸಿಟ್ಟ ಬರ್ತೈತಿ. ಆದ್ರ ನೀವ ಬರೋದ ಬಿಡಬ್ಯಾಡ್ರಿ."

ನಾನು ಬಿಡಲಿಲ್ಲ. ಒಂದು ದಿನ ಅವರೇ ಆ ಫೋಟೋ ನೋಡಬೇಕೆಂದು ಹಟ ಹಿಡಿದರು. ಅದು ಕಂಪನಿಯ ಹೊಸ ವರ್ಷದ ಕ್ಯಾಲೆಂಡರಿನಲ್ಲಿ ಅಚ್ಚಾಗಿ ಬಂದಿತ್ತು. ನನ್ನ ಮೇಜಿನ ಮೇಲೆ ಕಟ್ಟು ಬಿದ್ದಿತ್ತು. ನಾನು ಅದನ್ನು ಬಿಚ್ಚಿರಲಿಲ್ಲ. ಒಂದನ್ನು ಮಡಚಿ ಚೀಲದಲ್ಲಿಟ್ಟುಕೊಂಡು ಹೋಗಿ ಅವರ ಮುಂದೆ ಹಿಡಿದೆ. ಬಿಳಿ ಅಂಗಿ, ಬಾಚಿದ ತಲೆ, ನೆಟ್ಟಗೆ ಕೂತ ಬೆನ್ನು. ಫೋಟೋದಲ್ಲಿ ಅವರು ನಗುತ್ತಿದ್ದರು.

"ಎಷ್ಟ ಧಿಮಾಕಿಲೆ ಕುಂತೇನಿ ನೋಡ ಇಲ್ಲೆ," ಎಂದು ಹೆಂಡತಿಯನ್ನು ಕರೆದರು. ಆಕೆ ಬಂದು ನೋಡಿದಳು. ಕ್ಯಾಲೆಂಡರನ್ನು ನನ್ನ ಕೈಯಿಂದ ತೆಗೆದುಕೊಂಡು, ಸುರುಳಿ ಸುತ್ತಿ, ಟ್ರಂಕಿನೊಳಗೆ ಇಟ್ಟಳು.

ಮಳೆಗಾಲ ಶುರುವಾದ ಮೇಲೆ ಜ್ವರ ಹತ್ತಿತು. ನಂಜು ಮೂಳೆಗೆ ಇಳಿದಿದೆ ಎಂದರು ವೈದ್ಯರು. ಬೆಳಗಾವಿಗೆ ಒಯ್ದೆವು. ಕಂಪನಿಯ ಕಾರು ಬಂತು, ಮ್ಯಾನೇಜರ್ ಸಾಹೇಬರೇ ಎರಡು ಸಲ ಬಂದು ನೋಡಿದರು, ಆಸ್ಪತ್ರೆಯವರು ಕೈಲಾದುದೆಲ್ಲ ಮಾಡಿದರು. ಹನ್ನೊಂದನೇ ದಿನ ಮಧ್ಯಾಹ್ನ, ಹೆಂಡತಿ ಅವರ ಬಾಯಿಗೆ ಗಂಜಿ ಹಾಕುತ್ತಿದ್ದಾಗ ಹೋದರು. ನಾನು ಔಷಧದ ಅಂಗಡಿಯ ಸಾಲಿನಲ್ಲಿ ನಿಂತಿದ್ದೆ. ಮೇಲೆ ಬಂದಾಗ ಅಕ್ಕಾರು ಚಮಚವನ್ನು ಆಕೆಯ ಕೈಯಿಂದ ಬಿಡಿಸುತ್ತಿದ್ದರು. ಆಕೆ ಬಿಡುತ್ತಿರಲಿಲ್ಲ.

ಸುರೇಬಾನದಲ್ಲಿ ಮಣ್ಣು ಮಾಡಿದರು. ಅವರ ಜೊತೆ ಕೆಲಸ ಮಾಡಿದ್ದ ಗೌಂಡಿಗಳು ರಾಮದುರ್ಗದಿಂದ, ಕಿತ್ತೂರಿನಿಂದಲೂ ಬಂದಿದ್ದರು. ಬುದ್ಧವಂದನೆ ಹೇಳಿದರು. ನಾನು ಹಿಂದೆ ನಿಂತಿದ್ದೆ. ಯಾರೋ ಒಬ್ಬ ಹಿರಿಯರು, "ಇವರು ಕಂಪನಿಯಾರು, ಭಾಳ ಮಾಡ್ಯಾರ," ಎಂದು ನನ್ನನ್ನು ಮುಂದೆ ಕರೆದರು. ಆ ಮಾತನ್ನು ಕೇಳಿ ನಿಲ್ಲುವುದಕ್ಕಿಂತ ಗೌಂಡಿಯ ಹೆಂಡತಿ ಎಲ್ಲರ ಮುಂದೆ ನನ್ನನ್ನು ಬೈದಿದ್ದರೆ ಹಗುರವಾಗುತ್ತಿತ್ತು. ಆಕೆ ಬೈಯಲಿಲ್ಲ.

ಕೆಲಸಕ್ಕೆ ಮರಳಿದ ಮೇಲೆ ನಾನು ಒಂದು ಪತ್ರ ಬರೆದೆ. ಆ ದಿನ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರ ತನಕ ಏನೇನಾಯಿತು, ಕೋಣೆ ಯಾಕೆ ಖಾಲಿ ಇರಲಿಲ್ಲ, ಅವರು ಏನು ಕೇಳಿದರು, ನಾನು ಏನು ಹೇಳಿದೆ, ಎಲ್ಲವನ್ನೂ. ಮ್ಯಾನೇಜರ್ ಸಾಹೇಬರು ಅದನ್ನು ಎರಡು ಸಲ ಓದಿದರು.

"ಇದನ್ನ ಕಳಿಸಬೇಕಂತೀರೇನು? ನಿಮ್ಮ ಮ್ಯಾಲ ಬರ್ತೈತಿ."

"ಬರ್ಲಿ ಸರ್."

ಅವರು ತಾವೂ ಕೆಳಗೆ ಸಹಿ ಮಾಡಿ ಕಳಿಸಿದರು. ಅಂಥದ್ದನ್ನು ನಾನು ಅವರಿಂದ ನಿರೀಕ್ಷಿಸಿರಲಿಲ್ಲ. ಹೆಡ್ ಆಫೀಸಿನಿಂದ ಎರಡು ಸಾಲಿನ ಉತ್ತರ ಬಂತು, ಸಂತಾಪದ್ದು. ಆದರೆ ಮುಂದಿನ ವರ್ಷದಿಂದ ಯಾರನ್ನೂ ಕರೆಸಿ ಕೊಡುವ ಕಾರ್ಯಕ್ರಮಗಳು ನಿಂತವು. ಏನು ಕೊಡಬೇಕು, ಯಾವಾಗ, ಹೇಗೆ ಎಂಬುದರಲ್ಲಿ ಅಕ್ಕಾರ ಮಾತೇ ಕೊನೆಯದು ಎಂದಾಯಿತು. ಹೊಸ ವ್ಯಾನೂ ಬಂತು. ಅದರ ಮೇಲೆ ಕಂಪನಿಯ ಹೆಸರು ಬರೆಸುವುದಕ್ಕೆ ಅಕ್ಕಾರು ಬೇಡ ಅನ್ನಲಿಲ್ಲ. "ಬರಸ್ರಿ, ಗಾಡಿ ಓಡಿದ್ರ ಸಾಕು," ಎಂದರು. ಗೌಂಡಿಯ ಕುರ್ಚಿಯನ್ನು ಅವರ ಹೆಂಡತಿಯೇ ಅಕ್ಕಾರಿಗೆ ಕೊಟ್ಟು ಕಳಿಸಿದಳು. ಅದು ಈಗ ತೊರಗಲ್‌ನಲ್ಲಿ, ಕೋಟೆಯ ಬುಡದ ಓಣಿಯ ಒಬ್ಬ ಮುದುಕರ ಬಳಿ ಇದೆ, ದಿಂಬಿನ ಸಮೇತ.

ಗೌಂಡಿಯ ಹೆಂಡತಿಗೆ ಅಕ್ಕಾರ ಸಂಸ್ಥೆಯಲ್ಲಿಯೇ ಕೆಲಸ ಕೊಡಿಸಬೇಕೆಂದು ನಾನು ಓಡಾಡಿದೆ. ಗಾಯ ತೊಳೆದು ಕಟ್ಟುವುದರಲ್ಲಿ ಆಕೆಯಷ್ಟು ಕೈ ಪಳಗಿದವರು ಈ ಭಾಗದಲ್ಲಿ ಯಾರಿದ್ದಾರೆ? ಕಂಪನಿಯೂ ಒಪ್ಪಿತ್ತು. ಆಕೆ ಒಪ್ಪಲಿಲ್ಲ. "ಇನ್ನೊಬ್ಬರ ಹುಣ್ಣ ನೋಡೋ ಶಕ್ತಿ ನನ್ನ ಹಂತ್ಯಾಕ ಇಲ್ಲ ಅಕ್ಕಾರ," ಎಂದಳಂತೆ. ಊರಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆಗೆ ಸೇರಿದಳು.

ಹೋದ ಚಳಿಗಾಲದಲ್ಲಿ ಸವದತ್ತಿ ಬಸ್ ನಿಲ್ದಾಣದಲ್ಲಿ ಆಕೆ ಸಿಕ್ಕಳು. ನಾನೇ ಮೊದಲು ನೋಡಿದೆ. ಮಾತಾಡಿಸಬೇಕೋ ಬೇಡವೋ ಎಂದು ಕಂಬದ ಹಿಂದೆ ನಿಂತೆ. ಆಕೆ ತಾನೇ ಎದ್ದು ಬಂದಳು.

"ಅರಾಮ್ ಅದೀರೇನ್ರಿ ಬಾಯಾರ?"

"ಅರಾಮ್ ಅದೇನವಾ. ನೀ?"

"ನಾನೂ ಅರಾಮ್ ಅದೇನ್ರಿ." ನನ್ನನ್ನು ಬೆಂಚಿಗೆ ಕರೆದು ಪಕ್ಕದಲ್ಲಿ ಕುಳಿತಳು. ಶಾಲೆಯ ಮಕ್ಕಳ ಬಗ್ಗೆ, ಬೇಳೆ ಬೇಯದ ಬಗ್ಗೆ ಸ್ವಲ್ಪ ಮಾತಾಡಿದಳು. ಆಮೇಲೆ, "ಈಗೂ ಆ ಕೆಲಸಾನ ಮಾಡಾಕ ಹತ್ತೀರೇನ್ರಿ?" ಎಂದು ಕೇಳಿದಳು.

"ಮಾಡಾಕ ಹತ್ತೇನಿ."

"ಮಾಡ್ರಿ." ಸೆರಗಿನ ಗಂಟು ಬಿಚ್ಚುತ್ತಾ, ನನ್ನ ಕಡೆ ನೋಡದೆ ಹೇಳಿದಳು: "ನಿಮ್ಮನ್ನ ನೋಡಿದ್ರ ನನಗ ಇನ್ನೂ ಸಿಟ್ಟ ಬರ್ತೈತ್ರಿ. ಸುಳ್ಳ ಯಾಕ ಹೇಳ್ಲಿ."

"ಗೊತ್ತೈತಿ," ಎಂದೆ.

ಸೆರಗಿನಲ್ಲಿ ಎರಡು ಪೇರಲ ಹಣ್ಣಿದ್ದವು. ಒಂದನ್ನು ನನ್ನ ಕೈಗೆ ಕೊಟ್ಟಳು. ಇಬ್ಬರೂ ತಿಂದೆವು. ಅಷ್ಟರಲ್ಲಿ ರಾಮದುರ್ಗದ ಬಸ್ಸು ಬಂತು. ಗದ್ದಲದಲ್ಲಿ ಆಕೆಗೆ ಸೀಟು ಸಿಗಲೆಂದು ಅವಳ ಚೀಲವನ್ನು ನಾನು ಕಿಟಕಿಯಿಂದ ಒಳಗೆ ಹಾಕಿದೆ. ಕುಳಿತ ಮೇಲೆ ಆಕೆ ಹೊರಗೆ ನೋಡಿ, "ಹೋಗಿ ಬರ್ತೇನ್ರಿ," ಎಂದಳು. ಬಸ್ಸು ಹೊರಟಿತು.